ಗಿಡದ ರಕ್ಷಣಾ ಜೀನ್‌ಗಳನ್ನು ರೋಗಕ್ಕೆ ಮುಂಚೆ ಎಚ್ಚರಿಸುವುದು ಹೇಗೆ?

"ಗಿಡದ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬ ಹಣೆಪಟ್ಟಿ ಹೊತ್ತ ಬಾಟಲಿಗಳಿಗೆ ಈಗ ಬರವಿಲ್ಲ. ತಂದು ಸಿಂಪಡಿಸಿದ ಹಲವರು ಮಾತ್ರ "ಏನೂ ಆಗಲಿಲ್ಲ, ನೀರು ಹೊಡೆದಂತಾಯಿತು" ಎಂದು ಬೇಸರಪಡುತ್ತಾರೆ. ವಿಚಾರಿಸಿದರೆ ಎಲೆಯ ಮೇಲೆ ಚುಕ್ಕಿ ಕಂಡ ಮೇಲೆಯೇ ಸಿಂಪಡಿಸಿರುತ್ತಾರೆ. ಶಿಲೀಂಧ್ರನಾಶಕವಾದರೆ ಅದು ನೇರವಾಗಿ ಶಿಲೀಂಧ್ರದ ಮೇಲೆ ಎರಗುತ್ತದೆ. ಈ ಬಗೆಯ ವಸ್ತುಗಳು ಬಹುಪಾಲು ರೋಗಾಣುವನ್ನು ಮುಟ್ಟುವುದೇ ಇಲ್ಲ. ಅವು ಗಿಡಕ್ಕೆ ಒಂದು ಸುದ್ದಿ ಮುಟ್ಟಿಸುತ್ತವೆ, ಅಷ್ಟೆ. ಸುದ್ದಿ ಕೇಳಿದ ಗಿಡ ತನ್ನ ಜೀನ್ ತೆರೆಯಬೇಕು, ಅದರಿಂದ ಆರ್‌ಎನ್‌ಎ ನಕಲು ತೆಗೆಯಬೇಕು, ನಕಲಿನಿಂದ ಕಿಣ್ವ ಕಟ್ಟಬೇಕು, ಆ ಕಿಣ್ವ ರಾಸಾಯನಿಕವನ್ನು ತಯಾರಿಸಬೇಕು. ಇಷ್ಟಕ್ಕೆಲ್ಲ ಹೊತ್ತು ಬೇಕು. ಆ ಹೊತ್ತಿನ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ವಸ್ತುವಾದರೂ ದಂಡ.

ಆದ್ದರಿಂದ ಮೊದಲು ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿ, ಆಮೇಲೆ ಕೈಕೆಲಸಕ್ಕೆ ಬರೋಣ. ಈ ಮೊದಲ ಭಾಗ ಸ್ವಲ್ಪ ಉದ್ದವಿದೆ. ಹಾರಿಸಿ ಓದಬೇಡಿ, ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಎಲೆಯೊಳಗಿನ ಸರಪಳಿ

1940ರಲ್ಲಿ ಮುಲ್ಲರ್ ಮತ್ತು ಬೋರ್ಗರ್ ಎಂಬ ಜರ್ಮನ್ ವಿಜ್ಞಾನಿಗಳು ಆಲೂಗೆಡ್ಡೆಯ ಮೇಲೆ ಒಂದು ಪ್ರಯೋಗದ ವರದಿ ಕೊಟ್ಟರು. ಅಂಗಮಾರಿ ರೋಗಾಣುವಿನಲ್ಲಿ ಆ ತಳಿಗೆ ರೋಗ ತರಲಾಗದ ಒಂದು ಬಗೆಯನ್ನು ಮೊದಲು ಗೆಡ್ಡೆಗೆ ಹಚ್ಚಿದರು. ಅದೇ ಜಾಗಕ್ಕೆ ಆಮೇಲೆ ಉಗ್ರವಾದ ಬಗೆಯನ್ನು ಹಚ್ಚಿದಾಗ ಅದೂ ಬೆಳೆಯಲಿಲ್ಲ. ಮೊದಲ ದಾಳಿಗೆ ಉತ್ತರವಾಗಿ ಗೆಡ್ಡೆ ಯಾವುದೋ ರಾಸಾಯನಿಕವನ್ನು ಹೊಸದಾಗಿ ತಯಾರಿಸಿದೆ ಎಂದು ಅವರು ಊಹಿಸಿ, ಅಂಥ ವಸ್ತುಗಳಿಗೆ ಫೈಟೊಅಲೆಕ್ಸಿನ್ ಎಂಬ ಹೆಸರಿಟ್ಟರು. ಊಹೆ ಗಟ್ಟಿಯಾಗಲು 20 ವರ್ಷ ಬೇಕಾಯಿತು. 1960ರಲ್ಲಿ ಬಟಾಣಿಯಿಂದ ಪಿಸಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಆಮೇಲೆ ಸಾಲುಸಾಲಾಗಿ ಬಂದವು: ಆಲೂಗೆಡ್ಡೆಯಲ್ಲಿ ರಿಶಿಟಿನ್, ದ್ರಾಕ್ಷಿಯಲ್ಲಿ ರೆಸ್ವೆರಟ್ರಾಲ್, ಸೋಯಾದಲ್ಲಿ ಗ್ಲೈಸಿಯೊಲಿನ್, ಭತ್ತದಲ್ಲಿ ಮೊಮಿಲ್ಯಾಕ್ಟೋನ್.

ಎಲ್ಲ ರಕ್ಷಣಾ ರಾಸಾಯನಿಕಗಳೂ ಹೀಗೆ ಬೇಡಿಕೆಯ ಮೇರೆಗೆ ಹುಟ್ಟುವುದಿಲ್ಲ. ಓಟ್ಸ್ ಬೇರಿನ ಅವೆನಸಿನ್, ಎಳೆಯ ಮೆಕ್ಕೆಜೋಳದ ಡಿಂಬೋವಾ ಇವೆಲ್ಲ ಮೊದಲೇ ತಯಾರಾಗಿ ಕೂತಿರುತ್ತವೆ. ನಮಗೆ ಇಲ್ಲಿ ಬೇಕಿರುವುದು ಕರೆದಾಗ ಬರುವವು.

ಕರೆ ಹೇಗೆ ಹೋಗುತ್ತದೆ? ಇದನ್ನು ಅತಿ ಚೆನ್ನಾಗಿ ಬಿಡಿಸಿಟ್ಟಿರುವುದು ಸಾಸಿವೆಯ ಕುಲದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ. ದುಂಡಾಣುವಿನ ಬಾಲದಲ್ಲಿ ಫ್ಲಾಜೆಲಿನ್ ಎಂಬ ಪ್ರೋಟೀನ್ ಇದೆ. ಅದರಲ್ಲಿ 22 ಅಮೈನೊ ಆಮ್ಲಗಳ ಒಂದು ತುಣುಕು ಕಂಡರೆ ಸಾಕು, ಎಲೆಯ ಜೀವಕೋಶದ ಪೊರೆಯಲ್ಲಿರುವ ಎಫ್‌ಎಲ್‌ಎಸ್2 ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಶಿಲೀಂಧ್ರದ ಗೋಡೆಯ ಕೈಟಿನ್ ತುಣುಕು ಹಿಡಿಯಲು ಬೇರೆ ಗ್ರಾಹಕಗಳಿವೆ. ಕೆಲವೇ ನಿಮಿಷಗಳಲ್ಲಿ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೊಜನ್ ಪೆರಾಕ್ಸೈಡ್‌ನಂಥ ಚುರುಕಾಗಿ ಪ್ರತಿಕ್ರಿಯಿಸುವ ಆಮ್ಲಜನಕ ರೂಪಗಳು ಹೊರಗೆ ಚಿಮ್ಮುತ್ತವೆ. ಜೊತೆಗೇ ಎಂಪಿಕೆ3, ಎಂಪಿಕೆ6 ಎಂಬ ಕೈನೇಸ್ ಕಿಣ್ವಗಳು ಎಚ್ಚೆತ್ತು ವರ್ಕಿ33 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ. ಜೀನ್‌ಗಳನ್ನು ಆನ್ ಮಾಡುವುದೇ ಈ ವರ್ಕಿ33ರ ಕೆಲಸ. ಅದು ಹೋಗಿ ಪಿಎಡಿ3 ಮೊದಲಾದ ಜೀನ್‌ಗಳ ಮುಂಭಾಗಕ್ಕೆ ಅಂಟಿಕೊಳ್ಳುತ್ತದೆ. ಆ ಜೀನ್‌ಗಳ ಕಿಣ್ವಗಳು ಟ್ರಿಪ್ಟೋಫಾನ್ ಎಂಬ ಅಮೈನೊ ಆಮ್ಲವನ್ನು ಹಂತಹಂತವಾಗಿ ತಿದ್ದಿ ಕ್ಯಾಮಲೆಕ್ಸಿನ್ ಎಂಬ ಶಿಲೀಂಧ್ರವಿರೋಧಿ ವಸ್ತುವನ್ನಾಗಿ ಮಾಡುತ್ತವೆ. ಕೊನೆಯ ಹೆಜ್ಜೆ ಪಿಎಡಿ3ರದ್ದು. ಆ ಒಂದು ಜೀನ್ ಕೆಟ್ಟ ಗಿಡ ಆಲ್ಟರ್ನೇರಿಯಾ ಶಿಲೀಂಧ್ರಕ್ಕೆ ಸುಲಭದ ತುತ್ತು.

ಹೊತ್ತಿನ ಅಂದಾಜು ಇಷ್ಟು: ಗ್ರಾಹಕದಿಂದ ಕೈನೇಸ್‌ವರೆಗೆ ನಿಮಿಷಗಳು, ಜೀನ್‌ನ ನಕಲು ಏರಲು ಕೆಲವು ಗಂಟೆಗಳು, ರಾಸಾಯನಿಕ ಎಲೆಯಲ್ಲಿ ತುಂಬಿಕೊಳ್ಳಲು ಒಂದೆರಡು ದಿನ. ಇಡೀ ಗಿಡಕ್ಕೆ ಎಚ್ಚರ ಹರಡಲು ಇನ್ನೂ ಕೆಲವು ದಿನ.

ಇದರ ಹಿಂದೆ ಮತ್ತೊಂದು ಪದರ ಇದೆ. ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಭಾಗ ಅದು. ಡಿಎನ್‌ಎ ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನ್ ಮೇಲಿನ ಕೆಲವು ರಾಸಾಯನಿಕ ಗುರುತುಗಳು ಜೀನನ್ನು ಅದುಮಿಡುತ್ತವೆ, ಕೆಲವು ತೆರೆಯಲು ನೆರವಾಗುತ್ತವೆ. ಸಾಮಾನ್ಯವಾಗಿ ಒಂದು ಜೀನ್ ಮೇಲೆ ಇದಿರುತ್ತದೆ, ಇಲ್ಲವೇ ಅದು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಮಲೆಕ್ಸಿನ್ ತಯಾರಿಸುವ ಜೀನ್‌ಗಳ ಮೇಲೆ ಎರಡೂ ಗುರುತುಗಳು ಒಟ್ಟಿಗೇ ಕಂಡವು. ಅದುಮುವ ಗುರುತನ್ನು ಹಾಕುವ ವ್ಯವಸ್ಥೆ ಕೆಟ್ಟ ಗಿಡಗಳಲ್ಲಿ ಕ್ಯಾಮಲೆಕ್ಸಿನ್ ಬೇಗ ಬಂತು. ತೆರೆಯುವ ಗುರುತಿನ ವ್ಯವಸ್ಥೆ ಕೆಟ್ಟಲ್ಲಿ ತಡವಾಗಿ ಬಂತು. ಎಂದರೆ ಬೂದಿ ಮುಚ್ಚಿದ ಕೆಂಡದ ಹಾಗೆ: ಸುಮ್ಮನಿದ್ದಾಗ ಸೌದೆ ಉರಿಯುವುದಿಲ್ಲ, ಬೇಕಾದಾಗ ಹೊಸದಾಗಿ ಬೆಂಕಿ ಹಚ್ಚುವ ಕಷ್ಟವೂ ಇಲ್ಲ. ಅಡಗಿದ ಈ ಸಿದ್ಧತೆ ಎಷ್ಟು ಇದೆ ಎಂಬುದರ ಮೇಲೆ ಗಿಡದ ಉತ್ತರ ಎಷ್ಟು ಚುರುಕು ಎಂಬುದು ನಿಂತಿದೆ.

ಹಂತ 1: ಶತ್ರು ಯಾವ ಜಾತಿಯದು ಎಂದು ತಿಳಿಯಿರಿ

ಇದೊಂದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ರೋಗಾಣುಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಬೂದಿರೋಗ, ತುಕ್ಕು ರೋಗ, ನಂಜು (ವೈರಸ್) ರೋಗಗಳಂಥವು ಜೀವಂತ ಕೋಶದಿಂದ ಉಣ್ಣುತ್ತವೆ. ಬೂದು ಬೂಷ್ಟು ತರುವ ಬೊಟ್ರೈಟಿಸ್, ಕಾಂಡ ಕೊಳೆಸುವ ಸ್ಕ್ಲೆರೊಟೀನಿಯಾದಂಥವು ಮೊದಲು ಕೋಶವನ್ನು ಕೊಂದು ಆಮೇಲೆ ತಿನ್ನುತ್ತವೆ. ಭತ್ತದ ಬೆಂಕಿರೋಗ, ಆಲೂಗೆಡ್ಡೆಯ ಅಂಗಮಾರಿ ಮೊದಲು ಜೀವಂತ ಕೋಶದಿಂದ ಉಣ್ಣುತ್ತವೆ, ಆಮೇಲೆ ಕೊಂದು ತಿನ್ನುತ್ತವೆ.

ಗಿಡವೂ ಎರಡು ದಾರಿ ಇಟ್ಟುಕೊಂಡಿದೆ. ಮೊದಲ ಗುಂಪಿಗೆ ಹೆಚ್ಚಾಗಿ ಸ್ಯಾಲಿಸಿಲಿಕ್ ಆಮ್ಲದ ದಾರಿ. ಈ ಆಮ್ಲ ಏರಿದಾಗ ಎನ್‌ಪಿಆರ್1 ಎಂಬ ಪ್ರೋಟೀನ್ ತನ್ನ ಗುಂಪಿನಿಂದ ಬಿಡಿಯಾಗಿ ಕೋಶಕೇಂದ್ರ ಸೇರುತ್ತದೆ. ಅಲ್ಲಿ ಟಿಜಿಎ ಎಂಬ ಪ್ರೋಟೀನ್‌ಗಳ ಜೊತೆಗೂಡಿ ಪಿಆರ್1 ಮೊದಲಾದ ರಕ್ಷಣಾ ಜೀನ್‌ಗಳನ್ನು ಆನ್ ಮಾಡುತ್ತದೆ. ಎರಡನೆಯ ಗುಂಪಿಗೆ ಮತ್ತು ಎಲೆ ಕಡಿಯುವ ಹುಳುಗಳಿಗೆ ಜಾಸ್ಮೋನಿಕ್ ಆಮ್ಲದ ದಾರಿ. ಇಲ್ಲಿ ಮೈಕ್2 ಎಂಬ ಪ್ರೋಟೀನ್ ಯಾವಾಗಲೂ ತಯಾರಿರುತ್ತದೆ, ಆದರೆ ಜಾಜ್ ಎಂಬ ಕಾವಲು ಪ್ರೋಟೀನ್‌ಗಳು ಅದನ್ನು ಅದುಮಿ ಹಿಡಿದಿರುತ್ತವೆ. ಜಾಸ್ಮೋನಿಕ್ ಸಂಕೇತ ಬಂದಾಗ ಗಿಡ ಜಾಜ್‌ಗಳನ್ನೇ ಒಡೆದುಹಾಕುತ್ತದೆ. ಮೈಕ್2 ಬಿಡುಗಡೆಯಾಗುತ್ತದೆ. 2007ರಲ್ಲಿ ಈ ಗುಟ್ಟು ಬಯಲಾಯಿತು.

ತೊಡಕು ಏನೆಂದರೆ ಈ ಎರಡು ದಾರಿಗಳು ಹಲವು ಸಲ ಒಂದನ್ನೊಂದು ತಡೆಯುತ್ತವೆ. ಒಂದನ್ನು ಜೋರು ಮಾಡಿದರೆ ಇನ್ನೊಂದು ಸೊರಗುತ್ತದೆ. ರೋಗಾಣುಗಳಿಗೂ ಇದು ಗೊತ್ತು: ಸ್ಯೂಡೊಮೊನಾಸ್ ಸಿರಿಂಜೆ ಎಂಬ ದುಂಡಾಣುವಿನ ಕೆಲವು ತಳಿಗಳು ಕೊರೊನಟಿನ್ ಎಂಬ ವಿಷ ಮಾಡುತ್ತವೆ. ಅದು ಜಾಸ್ಮೋನಿಕ್ ಸಂಕೇತದ ನಕಲು. ಗಿಡ ಆ ಸುಳ್ಳು ಸುದ್ದಿಯನ್ನು ನಂಬಿ ತಪ್ಪು ದಾರಿಯನ್ನು ತೆರೆಯುತ್ತದೆ, ದುಂಡಾಣುವನ್ನು ತಡೆಯಬೇಕಿದ್ದ ಸ್ಯಾಲಿಸಿಲಿಕ್ ದಾರಿ ಮಂಕಾಗುತ್ತದೆ. ಬೂದು ಬೂಷ್ಟಿಗೆ ಹೆದರಿ ಸ್ಯಾಲಿಸಿಲಿಕ್ ಬಗೆಯ ವಸ್ತು ಸಿಂಪಡಿಸುವವರೂ ಮಾಡುವುದು ಇಂಥದ್ದೇ ಕೆಲಸ.

ಹಾಗಾಗಿ ಕಳೆದ ವರ್ಷ ಯಾವ ರೋಗ, ಯಾವ ಹಂತದಲ್ಲಿ, ಯಾವ ಹವೆಯಲ್ಲಿ ಬಂತು ಎಂದು ಬರೆದಿಟ್ಟುಕೊಳ್ಳಿ. ಗುರುತಿಸಲಾಗದಿದ್ದರೆ ರೋಗದ ಎಲೆಯನ್ನು ಸಸ್ಯರೋಗ ಪ್ರಯೋಗಾಲಯಕ್ಕೆ ತೋರಿಸಿ. ಅಂದಾಜಿನ ಮೇಲೆ ಮುಂದುವರಿಯಬೇಡಿ.

ಹಂತ 2: ಜೀನ್‌ಗಳ ಬಾಯಿ ಮುಚ್ಚಿಸುವ ಪರಿಸ್ಥಿತಿಯನ್ನು ಸರಿಪಡಿಸಿ

ಸುದ್ದಿ ಮುಟ್ಟಿಸಿದರೂ ಗಿಡ ಉತ್ತರಿಸಲಾಗದ ಸ್ಥಿತಿಯಲ್ಲಿದ್ದರೆ ಏನು ಫಲ? ಮೊದಲನೆಯ ಅಡ್ಡಿ ಸೆಕೆ. ಅರಾಬಿಡಾಪ್ಸಿಸ್‌ನಲ್ಲಿ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ರೋಗಾಣು ಬಂದರೂ ಸ್ಯಾಲಿಸಿಲಿಕ್ ಆಮ್ಲ ಏರುವುದಿಲ್ಲ. ಕಾರಣ ಸಿಬಿಪಿ60ಜಿ ಎಂಬ ಮುಖ್ಯ ಸ್ವಿಚ್ ಜೀನ್ ಸೆಕೆಯಲ್ಲಿ ಆನ್ ಆಗುವುದಿಲ್ಲ ಎಂದು 2022ರಲ್ಲಿ ತೋರಿಸಲಾಯಿತು. ಆ ಜೀನನ್ನು ಸದಾ ಆನ್ ಇರುವಂತೆ ಮಾಡಿದ ಗಿಡಗಳಲ್ಲಿ ಸೆಕೆಯಲ್ಲೂ ರಕ್ಷಣೆ ಮರಳಿತು. ಬೆಳೆಯಿಂದ ಬೆಳೆಗೆ ಈ ಮಿತಿ ಬೇರೆಯಾಗುತ್ತದೆ. ಆದರೂ ಸುಡುವ ಬಿಸಿಲಿನ ವಾರದಲ್ಲಿ ಸಿಂಪಡಿಸುವುದಕ್ಕಿಂತ ತಂಪು ದಿನಗಳನ್ನು ಕಾಯುವುದು ಜಾಣತನ. ಪಾಲಿಹೌಸ್ ಇದ್ದರೆ ಗಾಳಿಕಿಂಡಿ ತೆರೆದು ಒಳಗಿನ ಕಾವು ಇಳಿಸಿ.

ಎರಡನೆಯದು ದಟ್ಟಣೆ. ಗಿಡಗಳು ಒತ್ತೊತ್ತಾಗಿದ್ದರೆ ಕೆಳಗಿನ ಎಲೆಗಳಿಗೆ ಕೆಂಪು ಬೆಳಕು ಕಡಿಮೆ, ಅದರಾಚೆಯ ದೂರ-ಕೆಂಪು ಬೆಳಕು ಹೆಚ್ಚು ಸಿಗುತ್ತದೆ. ಇದನ್ನು ಗಿಡ "ಪಕ್ಕದವರು ಮೇಲೇರುತ್ತಿದ್ದಾರೆ" ಎಂದು ಓದುತ್ತದೆ. ಆಗ ಇರುವ ಸಾಮಗ್ರಿಯನ್ನು ಎತ್ತರ ಬೆಳೆಯಲು ಸುರಿದು ರಕ್ಷಣೆಯನ್ನು ತಗ್ಗಿಸುತ್ತದೆ. ನೆರಳಿನಲ್ಲಿ ತೇವ ಆರುವುದಿಲ್ಲ, ಅದರಿಂದ ರೋಗ ಎಂದಷ್ಟೇ ನಾವು ತಿಳಿದಿದ್ದೆವು. ಜೀನ್ ಮಟ್ಟದಲ್ಲೂ ನೆರಳು ಗಿಡವನ್ನು ದುರ್ಬಲ ಮಾಡುತ್ತದೆ. ಸಾಲಿನ ಅಂತರ ಕೊಡಿ, ಬಗಲ ಚಿಗುರು ಚಿವುಟಿ.

ಯೂರಿಯಾ ಅತಿಯಾದರೆ ಎಲೆ ಮೆತ್ತಗಾಗಿ ಬೂದಿರೋಗ, ತುಕ್ಕು, ಬೆಂಕಿರೋಗಗಳಿಗೆ ಹಬ್ಬ. ಹಾಗೆಂದು ಸಾರಜನಕ ಪೂರಾ ಕಡಿದರೆ ಕಿಣ್ವ ಕಟ್ಟಲು ಸಾಮಗ್ರಿಯೇ ಇರುವುದಿಲ್ಲ. ಮಣ್ಣು ಪರೀಕ್ಷೆ ಹೇಳಿದಷ್ಟು ಕೊಡಿ, ಕಂತುಗಳಲ್ಲಿ ಕೊಡಿ.

ಹಂತ 3: ಸರಿಯಾದ ಸುದ್ದಿಯನ್ನು ಆರಿಸಿ

ಅಸಿಬೆಂಜೋಲಾರ್-ಎಸ್-ಮೀಥೈಲ್ ಎಂಬುದು ಸ್ಯಾಲಿಸಿಲಿಕ್ ಆಮ್ಲದ ಕೆಲಸವನ್ನೇ ಮಾಡುವ ಕೃತಕ ವಸ್ತು. ದುಂಡಾಣು ಎಲೆಚುಕ್ಕಿ, ಬೂದಿರೋಗ, ಕೆಲವು ನಂಜು ರೋಗಗಳಿಗೆ ಇದರ ಬಳಕೆ ಇದೆ. ಪ್ರೊಬೆನಜೋಲ್ ಕೂಡ ಇದೇ ದಾರಿಯದು, ಆದರೆ ಒಂದು ಹೆಜ್ಜೆ ಮೇಲಿನಿಂದ ಕೆಲಸ ಮಾಡಿ ಗಿಡವೇ ಸ್ಯಾಲಿಸಿಲಿಕ್ ಆಮ್ಲ ತಯಾರಿಸುವಂತೆ ಪ್ರೇರೇಪಿಸುತ್ತದೆ. ಜಪಾನಿನ ಗದ್ದೆಗಳಲ್ಲಿ ಬೆಂಕಿರೋಗ ತಡೆಯಲು 1970ರ ದಶಕದಿಂದ ಇದನ್ನು ಬಳಸುತ್ತಿದ್ದಾರೆ.

ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದ ಮಾಡಿದ ಕೈಟೊಸಾನ್, ಕಂದು ಕಡಲಕಳೆಯಿಂದ ತೆಗೆದ ಲ್ಯಾಮಿನರಿನ್ ಇವು ಇನ್ನೊಂದು ಬಗೆ. "ಶಿಲೀಂಧ್ರ ಬಂದಿದೆ" ಎಂದು ಗಿಡ ತಿಳಿಯುವಂತೆ ಮಾಡುವುದು ಇವುಗಳ ತಂತ್ರ. ಪರಿಣಾಮ ಮಿತವಾದದ್ದು, ಅಪಾಯವೂ ಕಡಿಮೆ. ಫಾಸ್ಫೈಟ್ ಎರಡೂ ಕಡೆ ಕೆಲಸ ಮಾಡುವಂಥದ್ದು: ಫೈಟಾಫ್ತೊರಾ (ಅಂಗಮಾರಿ ರೋಗಾಣುವಿನ) ಬಳಗದ ರೋಗಾಣುಗಳನ್ನು ನೇರವಾಗಿಯೂ ತಡೆಯುತ್ತದೆ, ಗಿಡದ ರಕ್ಷಣೆಯನ್ನೂ ಎತ್ತುತ್ತದೆ. ಗೊಬ್ಬರದ ಫಾಸ್ಫೇಟ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೇಳುವಾಗ ಎಚ್ಚರ.

ಬೇರಿನ ಬಳಿ ಬಾಳುವ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಎಂಬ ಒಳ್ಳೆಯ ದುಂಡಾಣುಗಳು, ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ, ಇವುಗಳದ್ದು ನನಗೆ ಹಿಡಿಸುವ ದಾರಿ. ಒಳ್ಳೆಯ ದುಂಡಾಣು ಬೇರಿಗೆ ಹತ್ತಿದಾಗ ಅರಾಬಿಡಾಪ್ಸಿಸ್ ಬೇರಿನಲ್ಲಿ ಎಂವೈಬಿ72 ಎಂಬ ನಿಯಂತ್ರಕ ಜೀನ್ ಎಚ್ಚೆತ್ತುಕೊಳ್ಳುತ್ತದೆ. ಎಲೆಗಳಲ್ಲಿ ಮಾತ್ರ ರಕ್ಷಣಾ ಜೀನ್‌ಗಳು ಆ ಕೂಡಲೇ ಉರಿದೇಳುವುದಿಲ್ಲ. ನಿಜವಾದ ರೋಗಾಣು ಬಂದಾಗ ಮಾತ್ರ ಬೇರೆ ಗಿಡಗಳಿಗಿಂತ ಬೇಗನೆ, ಜೋರಾಗಿ ಉತ್ತರಿಸುತ್ತವೆ. ಇಂಥ ಪೂರ್ವಸಿದ್ಧತೆಗೆ ಗಿಡ ತೆರುವ ಬೆಲೆ ಕಡಿಮೆ. ಬೀಜೋಪಚಾರ ಮಾಡುವಾಗ ಅಥವಾ ಸಸಿಮಡಿಯಲ್ಲೇ ಕೊಟ್ಟರೆ ಸೂಕ್ಷ್ಮಾಣು ಬೇರಿನ ಜೊತೆಯೇ ಬೆಳೆಯುತ್ತದೆ. ಟ್ರೈಕೋಡರ್ಮಾ ಕೊಟ್ಟ ಮಣ್ಣಿಗೇ ಶಿಲೀಂಧ್ರನಾಶಕ ಸುರಿಯಬಾರದು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇನ್ನು ಆಸ್ಪಿರಿನ್ ಮಾತ್ರೆ. ತಂಬಾಕಿನ ಎಲೆಗೆ ಆಸ್ಪಿರಿನ್ ಕೊಟ್ಟರೆ ಮೊಸಾಯಿಕ್ ನಂಜಿಗೆ ತಡೆ ಹೆಚ್ಚುತ್ತದೆ ಎಂದು 1979ರಲ್ಲೇ ವರದಿಯಾಗಿದೆ. ಹಾಗಂತ ಮನೆಯ ಮಾತ್ರೆ ಕರಗಿಸಿ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಪ್ರಮಾಣ ಕೊಂಚ ಹೆಚ್ಚಾದರೂ ಎಲೆ ಸುಡುತ್ತದೆ. ನಿಮ್ಮ ಬೆಳೆಗೆ ನೋಂದಣಿಯಾದ ವಸ್ತು, ಹಣೆಪಟ್ಟಿಯಲ್ಲಿ ಬರೆದ ಪ್ರಮಾಣ, ಇವೆರಡನ್ನು ಮೀರಬೇಡಿ.

ಹಂತ 4: ರೋಗಕ್ಕಿಂತ ಒಂದು ವಾರ ಮುಂದಿರಿ

1961ರಲ್ಲಿ ರಾಸ್ ಎಂಬ ವಿಜ್ಞಾನಿ ತಂಬಾಕಿನ ಕೆಳಗಿನ ಎಲೆಗಳಿಗೆ ಮೊಸಾಯಿಕ್ ನಂಜು ಹಚ್ಚಿ, ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೆ ಹಚ್ಚಿದರು. ಮೇಲಿನ ಎಲೆಗಳಲ್ಲಿ ಚುಕ್ಕೆಗಳು ಕಡಿಮೆಯಾಗಿ, ಚಿಕ್ಕದಾಗಿ ಬಂದವು. ಕೆಳಗಿನಿಂದ ಮೇಲಕ್ಕೆ ಹೋಗುವ ಸುದ್ದಿ ಯಾವುದು ಎಂಬ ಹುಡುಕಾಟದಲ್ಲಿ 2018ರಲ್ಲಿ ಎನ್-ಹೈಡ್ರಾಕ್ಸಿಪಿಪೆಕೊಲಿಕ್ ಆಮ್ಲ ಎಂಬ ಅಣು ಸಿಕ್ಕಿತು. ನಮಗೆ ಇದರಿಂದ ಸಿಗುವ ಪಾಠ ಆ "ಕೆಲವು ದಿನ". ಹವಾಮಾನ ಮುನ್ಸೂಚನೆ ನೋಡಿ, ಮೋಡ ಮಳೆ ಕೂಡಿಬರುವ ರೋಗದ ದಿನಗಳಿಗೆ 4ರಿಂದ 7 ದಿನ ಮೊದಲು ಸಿಂಪರಣೆ ಮುಗಿಸಿ. ಬೆಳಿಗ್ಗೆ ಎಲೆ ಆರಿದ ಮೇಲೆ ಒಳ್ಳೆಯದು. ಸಿಂಪಡಿಸಿದ ಬಳಿಕ ಹುಟ್ಟಿದ ಚಿಗುರಿಗೆ ಪರಿಣಾಮ ತೆಳುವಾಗುವುದರಿಂದ ಹಣೆಪಟ್ಟಿಯ ಅಂತರ ನೋಡಿ ಮರುಸಿಂಪರಣೆ ಇರಲಿ. ಬಾಡಿದ, ನಾಟಿ ಮಾಡಿ ಇನ್ನೂ ಚೇತರಿಸದ ಸಸಿಗೆ ಬೇಡ.

ಚುಕ್ಕಿ ಆಗಲೇ ಬಂದಿದೆಯೇ? ಆಗ ಶಿಲೀಂಧ್ರನಾಶಕದ ಕಡೆ ಹೋಗಿ. ಇದರ ಹೊತ್ತು ಮುಗಿದಿದೆ.

ಹಂತ 5: ಕೆಲವು ಸಾಲು ಬಿಡಿ, ನೋಡಿ, ಅಳೆಯಿರಿ

ಸಿಂಪಡಿಸದ ಸಾಲು ಇಲ್ಲದೆ ಫಲ ಗೊತ್ತಾಗುವುದಿಲ್ಲ. ಹೊಲದ ಮೂರ್ನಾಲ್ಕು ಕಡೆ ಚಿಕ್ಕ ತುಂಡುಗಳಿಗೆ ಬರೀ ನೀರು ಹೊಡೆಯಿರಿ. ರೋಗ ಬಂದ ಮೇಲೆ ಎರಡೂ ಕಡೆ ಅಷ್ಟಷ್ಟೇ ಎಲೆ ಆರಿಸಿ, ಎಷ್ಟರಲ್ಲಿ ಚುಕ್ಕಿ, ಚುಕ್ಕಿಯ ಗಾತ್ರ ಎಷ್ಟು ಎಂದು ಬರೆದುಕೊಳ್ಳಿ. ರಕ್ಷಣೆ ಎಚ್ಚೆತ್ತ ಗಿಡದಲ್ಲಿ ಚುಕ್ಕಿ ಇರಬಹುದು, ಆದರೆ ಚಿಕ್ಕದಾಗಿ ನಿಂತುಬಿಟ್ಟಿರುತ್ತದೆ. ಸೊನ್ನೆ ರೋಗ ನಿರೀಕ್ಷಿಸಿದವರಿಗೆ ನಿರಾಸೆ ಖಚಿತ.

ಜೀನ್‌ಗಳ ಉತ್ತರವನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಜೋಳದ ಗಿಡ ನೋಡಿ. ಶಿಲೀಂಧ್ರ ಒಳನುಗ್ಗಲು ಯತ್ನಿಸಿದ ಕಡೆ ಕಿತ್ತಳೆ, ಕೆಂಪು ಬಣ್ಣ ಕಟ್ಟುತ್ತದೆ. ಅದು ಜೋಳದ ಫೈಟೊಅಲೆಕ್ಸಿನ್‌ಗಳ ಬಣ್ಣವೇ. ಕೋಶದೊಳಗೆ ಪುಟ್ಟ ಗುಳ್ಳೆಗಳಲ್ಲಿ ತುಂಬಿಕೊಂಡ ಈ ವಸ್ತು ದಾಳಿಯ ಜಾಗಕ್ಕೇ ಸರಿದುಹೋಗಿ ಅಲ್ಲಿ ಬಿಡುಗಡೆಯಾಗುತ್ತದೆ. ಇಷ್ಟು ಬಹಿರಂಗವಾಗಿ ತನ್ನ ಗುಟ್ಟನ್ನು ತೋರಿಸುವ ಬೆಳೆ ಇನ್ನೊಂದು ನನಗೆ ಹೊಳೆಯುತ್ತಿಲ್ಲ.

ಪ್ರಯೋಗಾಲಯದ ಸೌಕರ್ಯ ಇರುವ ವಿದ್ಯಾರ್ಥಿಗಳಿಗೆ: ಸಿಂಪಡಿಸುವ ಮುನ್ನ, ಆಮೇಲೆ 3, 6, 24, 48 ಗಂಟೆಗಳಿಗೆ ಎಲೆ ಕಿತ್ತು ಕೂಡಲೇ ದ್ರವ ಸಾರಜನಕಕ್ಕೆ ಹಾಕಿ. ಆರ್‌ಎನ್‌ಎ ತೆಗೆದು ಪಿಸಿಆರ್ ಮೂಲಕ ಪಿಆರ್1, ಪಿಎಎಲ್ (ರಕ್ಷಣಾ ರಾಸಾಯನಿಕಗಳ ತಯಾರಿಕೆಗೆ ಬೇಕಾದ ಒಂದು ಕಿಣ್ವದ್ದು) ಜೀನ್‌ಗಳ ನಕಲು ಅಳೆಯಿರಿ. ನೀರು ಹೊಡೆದ ಎಲೆಗಳನ್ನೂ ಅದೇ ಗಳಿಗೆಗಳಲ್ಲಿ ಕೀಳಲೇಬೇಕು. ರಕ್ಷಣಾ ಜೀನ್‌ಗಳು ಹಗಲು ರಾತ್ರಿಯ ಲಯದ ಜೊತೆ ಏರಿಳಿಯುವುದರಿಂದ, ಈ ಹೋಲಿಕೆ ಇಲ್ಲದಿದ್ದರೆ ಗಡಿಯಾರದ ಪರಿಣಾಮವನ್ನೇ ಔಷಧಿಯ ಪರಿಣಾಮ ಎಂದುಕೊಳ್ಳುತ್ತೀರಿ. ಮತ್ತೆ, ನಕಲು ಏರಿದ ಮಾತ್ರಕ್ಕೆ ರಾಸಾಯನಿಕ ಏರಿದೆ ಎಂದು ಬರೆಯಬೇಡಿ. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಹಂತ 6: ಸಾಕು ಎನ್ನುವುದು ಯಾವಾಗ

ರಕ್ಷಣೆ ಪುಕ್ಕಟೆ ಬರುವುದಿಲ್ಲ. ರೋಗವೇ ಇಲ್ಲದ ಗೋಧಿಗೆ ಅಸಿಬೆಂಜೋಲಾರ್ ಸಿಂಪಡಿಸಿದಾಗ ಬೆಳವಣಿಗೆಯೂ ಕಾಳೂ ಕಡಿಮೆಯಾದದ್ದನ್ನು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಸಾರಜನಕದ ಕೊರತೆಯಿದ್ದಲ್ಲಿ ನಷ್ಟ ಎದ್ದು ಕಾಣುತ್ತಿತ್ತು. ರೋಗದ ಕಾಲ ದಾಟಿದ್ದರೆ, ಹವೆ ಒಣಗಿದ್ದರೆ ಸಿಂಪರಣೆ ನಿಲ್ಲಿಸಿ. "ಇರಲಿ ಒಂದು ಸಲ" ಎಂಬ ಸಿಂಪರಣೆಗೆ ಗಿಡ ಇಳುವರಿಯಲ್ಲಿ ಲೆಕ್ಕ ಕೊಡುತ್ತದೆ.

ಇದೊಂದನ್ನೇ ನಂಬುವುದೂ ಬೇಡ. ರೋಗಾಣುಗಳಿಗೂ ಜೀನ್‌ಗಳಿವೆ. ಬಟಾಣಿಯ ಬೇರು ಕೊಳೆಸುವ ಒಂದು ಶಿಲೀಂಧ್ರ ಪಿಸಾಟಿನ್ ಅನ್ನು ನಿರ್ವಿಷಗೊಳಿಸುವ ಕಿಣ್ವವನ್ನೇ ಇಟ್ಟುಕೊಂಡಿದೆ. ಟೊಮೆಟೊದ ಟೊಮಾಟಿನ್ ಒಡೆಯುವ ಶಿಲೀಂಧ್ರಗಳೂ ಇವೆ. ನಿರೋಧಕ ತಳಿ, ಬೆಳೆ ಬದಲಾವಣೆ, ರೋಗದ ಕಸ ತೆಗೆಯುವುದು, ಬೇಕಾದಾಗ ಶಿಲೀಂಧ್ರನಾಶಕ ಇವೆಲ್ಲದರ ಪಕ್ಕದಲ್ಲಿ ಇದಕ್ಕೂ ಒಂದು ಜಾಗ.

ಕೊಯ್ಲಿನ ಹೊತ್ತಿಗೆ ಒಂದು ಎಚ್ಚರಿಕೆ. ರೋಗಾಣುವಿಗೆ ವಿಷವಾದದ್ದು ನಮಗೂ ದನಕರುಗಳಿಗೂ ವಿಷವಾಗಬಹುದು. ಸ್ಕ್ಲೆರೊಟೀನಿಯಾ ಕೊಳೆ ತಗುಲಿದ ಸೆಲರಿಯಲ್ಲಿ ಸೊರಾಲೆನ್ ಬಳಗದ ವಸ್ತುಗಳು ಏರುತ್ತವೆ. ಅದನ್ನು ಬರಿಗೈಯಲ್ಲಿ ಕೊಯ್ದು ಬಿಸಿಲಿಗೆ ನಿಂತವರ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಫ್ಯೂಸೇರಿಯಂ ಬೂಷ್ಟು ಹಿಡಿದ ಸಿಹಿಗೆಣಸಿನಲ್ಲಿ ಹುಟ್ಟುವ ಐಪೊಮಿಯನಾಲ್ ದನಗಳ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲಬಲ್ಲದು. ಕೆಟ್ಟ ಗೆಣಸನ್ನು ಕೊಟ್ಟಿಗೆಗೆ ಹಾಕಬೇಡಿ, ಕೊಳೆತ ಭಾಗ ಕತ್ತರಿಸಿ ಉಳಿದದ್ದನ್ನೂ ಕೊಡಬೇಡಿ. ದನಗಳು ಹೋಗದ ಜಾಗದಲ್ಲಿ ಗುಂಡಿ ತೋಡಿ ಹೂತುಬಿಡಿ.